ಕರ್ಪೂರ ಹಿಡಿದ ಎಳೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ರಾಯಾಪುರದ ನಮ್ಮ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅತ್ಯಂತ ಗೌರವಾನ್ವಿತ ವ್ಯಕ್ತಿಯೆಂದರೆ ಒಂದು ಎಳೆ. ಕೂದಲಿನಷ್ಟು ಸಪೂರ, ಮೈಗೆ ಪಾಲಿಮರಿನ ಲೇಪ, ವಾಸ ಸೂಜಿಯೊಳಗೆ. ನೀರಿನಲ್ಲಿ ಅದ್ದಿದರೆ ಅದರೊಳಗಿನ ಎಣ್ಣೆ, ವಾಸನೆಗಳನ್ನು ಹೀರಿಕೊಳ್ಳುತ್ತಿತ್ತು. ಯಂತ್ರದ ಕಾದ ಬಾಯಿಗೆ ಚುಚ್ಚಿದರೆ ಎಲ್ಲವನ್ನೂ ಕಕ್ಕುತ್ತಿತ್ತು. ಕಕ್ಕಿದ ಒಂದೊಂದಕ್ಕೂ ಕಾಗದದ ಮೇಲಿನ ಗೆರೆ ಒಂದೊಂದು ಶಿಖರವಾಗಿ ಏಳುತ್ತಿತ್ತು. ಪರದೇಶದ್ದು, ಇದ್ದದ್ದು ಒಂದೇ. ಹಿರಿಯ ಅಧಿಕಾರಿಗಳು ಬಂದಾಗಲೂ ನಾವು ಅದನ್ನು ಮುಟ್ಟುವಾಗಿನಷ್ಟು ಉಸಿರು ಬಿಗಿಹಿಡಿದವರಲ್ಲ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ನಮ್ಮ ಅಟೆಂಡರ್ ತಕ್ಕಡಿಯಿಂದ ಹಿಡಿದು ಯಂತ್ರದವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿದ. ಸೂಜಿಯೊಳಗೇ ಕುಳಿತ ಎಳೆಗೆ ಕರ್ಪೂರದ ಆರತಿ ಮುಟ್ಟುವುದು ಹೇಗೆ ಎಂಬ ಗಹನ ಪ್ರಶ್ನೆ ಎದ್ದಿತು. ಅದನ್ನು ಹೊರಗೆ ಚಾಚಿಡಲು ಅನುಮತಿ ಕೊಟ್ಟವನು ನಾನೇ.

ರಜೆ ಮುಗಿದ ಮೇಲೆ ಹಳೇ ಹುಬ್ಬಳ್ಳಿಯ ಹಿರಿಯರೊಬ್ಬರು ಬಂದು, ನಮಗೆಲ್ಲ ಹಬ್ಬದ ಬನ್ನಿ ಎಲೆ ಕೊಟ್ಟು, ಬಾವಿನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅವರ ಓಣಿಯ ಬಾವಿ ಸೀಮೆಎಣ್ಣೆ ನಾರುತ್ತದೆಂದು ಯಾರೋ ಪಾಲಿಕೆಗೆ ಅರ್ಜಿ ಹಾಕಿದ್ದರು. ವರದಿಯಲ್ಲಿ ಅದು ಸಿಕ್ಕರೆ ಬಾವಿ ಮುಚ್ಚುವುದೇ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಓಣಿ ಅದು.

ಎಳೆಯಲ್ಲೇ ಏನಾದರೂ ಅಂಟಿದೆಯೇ ಎಂದು ಮೊದಲು ಅದನ್ನು ಶುದ್ಧ ನೀರಿಗಿಳಿಸಿ ನೋಡಬೇಕೆಂಬುದು ನಿಯಮ. ನಾನು ನೇರ ಬಾವಿನೀರಿಗೇ ಇಳಿಸಿದೆ. ಕಾಗದದ ಮೇಲೆ ಕರ್ಪೂರದ ಶಿಖರ ಗೋಪುರದಂತೆ ನಿಂತಿತು. ಬದಿಯಲ್ಲಿ ಸೀಮೆಎಣ್ಣೆಯ ಗಿಡ್ಡ ಶಿಖರಗಳ ಸಾಲು.

“ಬಾವ್ಯಾಗ ಕರ್ಪೂರ ಹಾಕೀರೇನ್ರಿ?” ಎಂದೆ.

“ಆರತಿ ಮಾಡತೇವ್ರಿ, ಆದ್ರ ದಂಡಿ ಮ್ಯಾಲ. ನೀರಾಗ ಯಾರ ಹಾಕ್ತಾರ?”

ಅಟೆಂಡರ್ ನೆಲ ನೋಡಿದ. “ಅದು ನಮ್ಮದರೀ ಸಾಹೇಬ್ರ. ಪೂಜಾದ್ದು.”

ಹಿರಿಯರ ಮುಖ ಅರಳಿತು. “ಕರ್ಪೂರ ನಿಮ್ಮದಾದ್ರ ಸೀಮಿಎಣ್ಣಿನೂ ನಿಮ್ಮದ ಇರಬೇಕಲ್ರಿ!”

ತರ್ಕವನ್ನು ತಳ್ಳಿಹಾಕುವಂತಿರಲಿಲ್ಲ. ಎಳೆಯನ್ನು ಕಾದ ಬಾಯಿಯಲ್ಲಿ ಸಾಕಷ್ಟು ಹೊತ್ತು ಕಾಯಿಸಿ, ಶುದ್ಧ ನೀರಿಗಿಳಿಸಿದೆ. ಏನೂ ಬರಲಿಲ್ಲ. ಮತ್ತೆ ಬಾವಿನೀರಿಗೆ. ಹಿರಿಯರು ಕುಂಕುಮ ಹಚ್ಚಿದ ಯಂತ್ರಕ್ಕೆ ಕೈಮುಗಿದೇ ನಿಂತಿದ್ದರು. ಕರ್ಪೂರ ಹೋಗಿತ್ತು. ಸೀಮೆಎಣ್ಣೆ ಇತ್ತು.

“ಇನ್ನೊಮ್ಮಿ ಕಾಸ್ರಲಾ.”

“ಎಳಿ ಕಾಸಬಹುದ್ರಿ. ಬಾವಿ ಹ್ಯಾಂಗ ಕಾಸೂದು?”

ಸೀಮೆಎಣ್ಣೆ ಇದೆಯೆಂದೇ ವರದಿ ಬರೆದುಕೊಟ್ಟೆ. ಅವರು ಅದನ್ನು ಓದದೆ ಮಡಚಿ ಕಿಸೆಗಿಟ್ಟರು. ಅಟೆಂಡರ್ ಉಳಿದ ನೀರನ್ನು ಚೆಲ್ಲಲು ಮೋರಿಯತ್ತ ಹೊರಟಾಗ ಮಾತ್ರ ಕೈ ಚಾಚಿದರು.

“ಇಲ್ಲೆ ಕೊಡ್ರಿ ಅದನ್ನ.”

“ಕುಡದು ಗಿಡದೀರಿ ಮತ್ತ,” ಎಂದೆ.

“ಕುಡಿಯೂದಿಲ್ರಿ. ನಮ್ಮ ಬಾವೀದು, ನಿಮ್ಮ ಮೋರ್ಯಾಗ ಯಾಕ ಚೆಲ್ಲಬೇಕು?”

ಬಾಟಲಿಯನ್ನು ಕಂಕುಳಲ್ಲಿ ಹಿಡಿದು ಬಸ್ ಸ್ಟಾಪಿನತ್ತ ನಡೆದರು.