ಗರಿ ಬೇಕೆಂದು ಬಂದವರಿಗೆ ಕಹಳೆ ಕಲಿಸುವ ರೇನೋ

ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಹೊತ್ತು. ಸರೋವರದ ಲೂನ್ ಕೊಲ್ಲಿಯ ಸ್ಕೌಟ್ ಶಿಬಿರದ ದೋಣಿಕಟ್ಟೆಯ ಮೇಲೆ ರೇನೋ ಪೆಲ್ಟೋಲ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದಾರೆ. ಆಗಲೇ ನೀರಿನ ಪಂಪು ಚಾಲೂ ಮಾಡಿ, ಕಕ್ಕಸುಗಳನ್ನು ತೊಳೆದು, ರಾತ್ರಿ ಕರಡಿ ಉರುಳಿಸಿ ಹೋದ ಕಸದ ಡಬ್ಬವನ್ನು ಎತ್ತಿ ನಿಲ್ಲಿಸಿ ಬಂದಿದ್ದಾರೆ. ಕಹಳೆಯ ಊದುವ ತುದಿಯನ್ನು ಬಿಚ್ಚಿ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಾರೆ. ಹಿತ್ತಾಳೆ ತಣ್ಣಗಿದ್ದರೆ ತುಟಿ ಮಾತು ಕೇಳುವುದಿಲ್ಲವಂತೆ.

ಅದು ಬೆಚ್ಚಗಾದ ಮೇಲೆ ಜೋಡಿಸಿ ಊದುತ್ತಾರೆ. ದನಿ ಮಂಜಿನೊಳಗೆ ನಡೆದು ಹೋಗುತ್ತದೆ. ನಾವು ಅದನ್ನು ಮರೆತೇಬಿಡುವಷ್ಟು ಹೊತ್ತಾದ ಮೇಲೆ ಆಚೆ ದಡದ ಬಂಡೆಗಳಿಂದ ಮೆಲ್ಲಗೆ ವಾಪಸು ಬರುತ್ತದೆ. ನಾನು ಎದ್ದಿದ್ದೇನೋ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು ನನಗೇ ಅನುಮಾನ.

"ಆ ಕಡೆ ಇನ್ನೊಬ್ಬ ಇದಾನೆ ನೋಡಿ," ಎನ್ನುತ್ತಾರೆ ರೇನೋ. "ನನಗಿಂತ ಚೆನ್ನಾಗಿ ಊದ್ತಾನೆ. ಸಂಬಳಾನೂ ಕೇಳಲ್ಲ."

ಈ ಸರೋವರದ ದಂಡೆಯಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಆದರೂ ರೇನೋ ಬಗ್ಗೆ ಬರೆಯಬೇಕೆಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಶಿಬಿರದ ಕಾವಲುಗಾರ, ಕೊಳಾಯಿ ರಿಪೇರಿಯವ, ಮರ ಕಡಿಯುವವ ಎಲ್ಲ ಅವರೇ. ಚಳಿಗಾಲದಲ್ಲಿ ಸೂರುಗಳ ಮೇಲಿನ ಹಿಮ ಎಳೆದು ಹಾಕುವವರೂ ಅವರೇ. ಗಣಿ ಮುಚ್ಚಿದ ವರ್ಷ ಅಪ್ಪನ ಜೊತೆ ಮರ ಸಾಗಿಸಲು ಹೋಗಿ ಸ್ಕೌಟಿನ ಮೊದಲ ಮೆಟ್ಟಿಲುಗಳಲ್ಲೇ ನಿಂತವರು. ಆಮೇಲೆ ಸೇನೆಯಲ್ಲಿ ಅಡುಗೆಯವರಾದರು. ಅಲ್ಲಿ ಆಲೂಗಡ್ಡೆ ಸುಲಿಯುತ್ತಾ ಪಕ್ಕದವನಿಂದ ಕಹಳೆ ಕಲಿತರು. ಈಗ ಅವರ ಬಳಿ ಕಹಳೆ ಕಲಿಯಲು ಬರುವವರು ಮಾತ್ರ ಎಲ್ಲರೂ ಸ್ಕೌಟಿನ ಕೊನೆಯ ಮೆಟ್ಟಿಲು ಮುಟ್ಟಿದವರು, 'ಈಗಲ್' ಪದವಿಯವರು.

ಈಗಲ್ ಆದವರಿಗೆ ನಮ್ಮೂರಲ್ಲಿ ಏನು ಕಮ್ಮಿ? ಬಾವುಟ, ಭಾಷಣ, ಮೂರಂತಸ್ತಿನ ಕೇಕು, ಕರವಸ್ತ್ರದ ಹಿಂದೆ ತಾಯಂದಿರ ಅಳು. ಆದರೆ ಅಲ್ಲಿಗೇ ನಿಲ್ಲದೆ ಇನ್ನೂ ಐದು ಬ್ಯಾಡ್ಜು ಗಳಿಸಿದರೆ ಒಂದು ಪಾಮ್ ಸಿಗುತ್ತದೆ, ತಾಳೆಗರಿಯ ಆಕಾರದ ಪುಟ್ಟ ಪಿನ್ನು. ಮೊದಲನೆಯದು ಕಂಚಿನ ಬಣ್ಣದ್ದು. ಹದಿನೆಂಟು ತುಂಬುವುದರೊಳಗೆ ಗಳಿಸಬೇಕು. ಅದಕ್ಕೆ ಕೇಕಿಲ್ಲ. ಮುಂದಿನ ವಾರದ ಪಾದಯಾತ್ರೆ, ಕಳೆದುಹೋದ ನೀರಿನ ಬಾಟಲಿ ಇವೆರಡರ ಪ್ರಕಟಣೆಯ ನಡುವೆ ಕೈಗೆ ಕೊಟ್ಟು ಮುಗಿಸುತ್ತಾರೆ. ಯಾರೂ ನೋಡದ ಈ ಗರಿಗಾಗಿ ಮತ್ತೆ ಹತ್ತಲು ಹೊರಡುವ ಮಕ್ಕಳನ್ನು ಕಂಡರೆ ನನಗೆ ಸುಮ್ಮನೆ ಪ್ರೀತಿ ಉಕ್ಕುತ್ತದೆ.

ರೇನೋಗೆ ಅಷ್ಟು ಉಕ್ಕುವುದಿಲ್ಲ. "ನಾಲ್ಕು ಬ್ಯಾಡ್ಜು ಸುಲಭದ್ದು ಮಾಡ್ಕೊಂಡು, ಐದನೇದಕ್ಕೆ ಗತಿ ಇಲ್ಲದೆ ಕಹಳೆ ಬ್ಯಾಡ್ಜಿಗೆ ಅಂತ ನನ್ನ ಹತ್ರ ಬರ್ತಾರೆ," ಎಂದು ಗೊಣಗುತ್ತಾರೆ. "ಮೂರು ತಿಂಗಳು ಊದ್ತಾರೆ, ಏಳೋದು, ಊಟ, ಬಾವುಟ ಅಂತ ಹತ್ತು ಕರೆ ಕಲೀತಾರೆ, ಥ್ಯಾಂಕ್ಸ್ ಅಂತಾರೆ. ಆಮೇಲೆ ಕಹಳೆ ಅಟ್ಟದ ಮೇಲೆ. ಒಬ್ರೂ ತಿರುಗಿ ಬಂದಿಲ್ಲ."

ಗೊಣಗಾಟಕ್ಕೆ ಈ ವರ್ಷ ಬೇರೆ ಕಾರಣವೂ ಇದೆ. ಅವರ ಮೇಲಿನ ಮುಂಬಲ್ಲುಗಳು ಅಲ್ಲಾಡುತ್ತಿವೆ. ಶಿಬಿರ ಮುಗಿದ ಸೋಮವಾರವೇ ಕೀಳಿಸಬೇಕು. ಮುಂಬಲ್ಲಿಲ್ಲದೆ ತುಟಿ ನಿಲ್ಲುವುದಿಲ್ಲ, ಕಹಳೆ ಮುಗಿದಂತೆಯೇ. ಮೇಲಿನವರು ಮುಂದಿನ ಬೇಸಿಗೆಗೆಂದು, ರೆಕಾರ್ಡಿನ ಕಹಳೆ ಹಾಕಲು, ಧ್ವನಿವರ್ಧಕ ಕಳಿಸಿಯೂ ಆಗಿದೆ. ರೇನೋ ಆ ಪೆಟ್ಟಿಗೆಯನ್ನು ಬಿಚ್ಚದೆ ಅದರ ಮೇಲೆ ಮೀನಿನ ಬಲೆ ಒಣಹಾಕಿದ್ದಾರೆ. ಊದುವವರೊಬ್ಬರು ಸಿಕ್ಕರೆ ಪೆಟ್ಟಿಗೆ ವಾಪಸು ಹೋಗುತ್ತದೆ. ಸಿಗದಿದ್ದರೆ ಈ ನೀರಿನ ಮೇಲೆ ಬೆಳಿಗ್ಗೆ ಡಬ್ಬದ ದನಿ.

ಆ ಒಬ್ಬಳು ಮಾರ್ಗೋ ಟ್ರುಡೆಲ್ ಇರಬಹುದೆಂದು ಅವರು ಆಸೆಪಟ್ಟಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ. ಮಾರ್ಗೋ ದೋಣಿ ರಿಪೇರಿಯವರ ಮಗಳು. ಕಳೆದ ವರ್ಷ ಈಗಲ್ ಆದಳು. ಗರಿಗೆ ಒಂದೇ ಬ್ಯಾಡ್ಜು ಬಾಕಿ. ಬೇಸಿಗೆಯಿಡೀ ತನ್ನ ತಂಡಕ್ಕೆ ಅವಳೇ ಕಹಳೆಗಾರ್ತಿ, ದಿನವೂ ದೋಣಿಕಟ್ಟೆಯಲ್ಲಿ ಪಾಠ. ದೊಡ್ಡವರೊಬ್ಬರೇ ಮಗುವಿನ ಜೊತೆ ಇರಕೂಡದೆಂಬ ನಿಯಮವಿರುವುದರಿಂದ ರೇನೋ ಹೆಂಡತಿ ಐಲಿ ಬಟಾಣಿ ಸುಲಿಯುತ್ತಾ ಪಕ್ಕದಲ್ಲೇ ಕೂರುತ್ತಾರೆ. ವರ್ಷಗಟ್ಟಲೆ ಹೀಗೆ ಕೂತು ಅವರಿಗೂ ಎಲ್ಲ ಕರೆಗಳು ಬಾಯಿಪಾಠ.

ಪರೀಕ್ಷೆಯ ದಿನ ಬೆಳಿಗ್ಗೆ ನಾನೂ ಇದ್ದೆ. ಮರುದಿನ ಮಾರ್ಗೋಗೆ ಹದಿನೆಂಟು. ಆದರೆ ಹುಡುಗಿ ಬಂದಾಗ ಕೂದಲಿಂದ ನೀರು ಸೋರುತ್ತಿತ್ತು, ತುಟಿ ನೀಲಿಗಟ್ಟಿತ್ತು. ಶಿಬಿರ ಮುಗಿಯುವ ಹಿಂದಿನ ದಿನ ಬೆಳಿಗ್ಗೆ ಎಲ್ಲರೂ ಚೀರುತ್ತಾ ಸರೋವರಕ್ಕೆ ಹಾರುವುದು ಇಲ್ಲಿಯ ವಾಡಿಕೆ. ಆಗಸ್ಟಿನಲ್ಲೂ ಆ ನೀರು ಮೂಳೆಗಿಳಿಯುತ್ತದೆ. ಗೆಳತಿಯರು ಬಿಡಲಿಲ್ಲ, ಇವಳೂ ಬಿಡಲಿಲ್ಲ.

"ಇವತ್ತೇ ಬೇಕಿತ್ತಾ ನಿನಗೆ ಈ ಸ್ನಾನ?" ಎಂದರು ರೇನೋ.

"ಕೊನೇ ಸಲ ಅಲ್ವಾ ಮಿಸ್ಟರ್ ಪೆಲ್ಟೋಲ. ನಾನೊಬ್ಬಳೇ ಒಣಗಿಕೊಂಡು ನಿಂತ್ಕೊಳ್ಳಕ್ಕಾಗುತ್ತಾ?"

ಒಂಬತ್ತು ಕರೆ ಹೇಗೋ ಬಂದವು. ಹತ್ತನೆಯದರಲ್ಲಿ, ಬಾವುಟ ಏರಿಸುವ ಕರೆಯ ಎತ್ತರದ ಸ್ವರ ಒಡೆಯಿತು. ಮತ್ತೆ ಊದಿದಳು, ಮತ್ತೆ ಒಡೆಯಿತು. ಐಲಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು. ಸಂಜೆ ಇನ್ನೊಮ್ಮೆ ಬಂದಳು. ಹಗಲೆಲ್ಲ ಕದ್ದು ಅಭ್ಯಾಸ ಮಾಡಿ ತುಟಿ ಊದಿಕೊಂಡಿತ್ತು. ಈ ಸಲ ದನಿಯೇ ಹೊರಡಲಿಲ್ಲ.

"ಆಗ್ಲಿಲ್ಲ ಮಗಾ," ಎಂದರು ರೇನೋ.

ಐಲಿಗೆ ತಡೆಯಲಾಗಲಿಲ್ಲ. "ಒಂದು ಸ್ವರ, ರೇನೋ! ಒಂದೇ ಒಂದು ಸ್ವರ. ಸಾರು ಸೀದು ಹೋಯ್ತು ಅಂತ ನಾನು ಕೂಗಿದ್ರೂ ನಿನ್ನ ಕಿವಿಗೆ ಕೇಳಲ್ಲ, ಇದು ಮಾತ್ರ ಕೇಳಿಸ್ತಾ?"

"ನಿಯಮದಲ್ಲಿ ಇರೋದಕ್ಕಿಂತ ಹೆಚ್ಚು ಮಾಡ್ಸೋ ಹಾಗಿಲ್ಲ, ಕಮ್ಮಿಗೆ ಬಿಡೋ ಹಾಗೂ ಇಲ್ಲ. ಒಡೆದಿದ್ದು ಆಚೆ ದಡದವನಿಗೂ ಕೇಳಿಸ್ತು."

ಮಾರ್ಗೋ ಕಹಳೆಯನ್ನು ಕಟ್ಟೆಯ ಮೇಲಿಟ್ಟು ಡೇರೆಗಳ ಕಡೆ ನಡೆದಳು. ನನಗೆ ನಿಜವಾಗಿಯೂ ಸಿಟ್ಟು ಬಂತು. ಅವರ ಮನೆಯಲ್ಲಿ ಐಲಿ ಕೊಟ್ಟ ಏಲಕ್ಕಿ ಬ್ರೆಡ್ಡನ್ನು ಕಾಫಿಗದ್ದಿ ಹಾಗೇ ತಟ್ಟೆಯಲ್ಲಿಟ್ಟೆ. ರೇನೋ ಕಿಟಕಿಯ ಬಳಿ ಕೂತು ನಾಲಿಗೆಯಿಂದ ಹಲ್ಲು ಅಲ್ಲಾಡಿಸಿ ನೋಡುತ್ತಿದ್ದರು. "ಅವಳು ಇನ್ನು ಬರಲ್ಲ," ಎಂದರು. "ಬ್ಯಾಡ್ಜು ಕೊಟ್ಟಿದ್ರೂ ಬರ್ತಿರ್ಲಿಲ್ಲ, ಕೊಡ್ಲಿಲ್ಲ ಅಂತಲೂ ಬರಲ್ಲ. ಹೋಗ್ಲಿ ಬಿಡಿ, ಬಲೆ ತೆಗೆದು ಆ ಪೆಟ್ಟಿಗೆ ಬಿಚ್ತೀನಿ."

ಮರುದಿನ ಬೆಳಿಗ್ಗೆ ಫೋಟೋ ತೆಗೆಯಲೆಂದು ಅವರ ಜೊತೆ ದಡಕ್ಕೆ ಹೋಗುತ್ತೇನೆ. ಮಂಜು ಎಷ್ಟಿದೆಯೆಂದರೆ ಕಟ್ಟೆಯ ತುದಿ ಕಾಣುವುದಿಲ್ಲ. ಹತ್ತಿರ ಹೋದ ಮೇಲೆ ಅಲ್ಲಿ ಯಾರೋ ಕೂತಿರುವುದು ತಿಳಿಯುತ್ತದೆ. ಮಾರ್ಗೋ, ಒಣಗಿದ ಕೂದಲಲ್ಲಿ. ಸ್ವಲ್ಪ ಆಚೆ ಕಂಬಳಿ ಹೊದ್ದು ಐಲಿ. ಎಷ್ಟು ಹೊತ್ತಿಂದ ಕೂತಿದ್ದಾರೋ ಇಬ್ಬರೂ ಹೇಳುವುದಿಲ್ಲ.

"ನಿನಗೆ ಹದಿನೆಂಟಾಯ್ತು," ಎನ್ನುತ್ತಾರೆ ರೇನೋ. "ಈಗ ಚೆನ್ನಾಗಿ ಊದಿದ್ರೂ ಬ್ಯಾಡ್ಜಿಲ್ಲ, ಗರೀನೂ ಇಲ್ಲ."

"ಹುಟ್ಟುಹಬ್ಬದ ಶುಭಾಶಯ ಅಂತ ಹೇಳೋ ರೀತೀನಾ ಇದು?" ಅವಳು ಕೈ ಚಾಚುತ್ತಾಳೆ. "ಆ ತುದಿ ಕೊಡಿ. ಬೆಚ್ಚಗಿದೆ ತಾನೆ?"

ಅವರು ಅಂಗೈ ಬಿಡಿಸಿ ಕೊಡುತ್ತಾರೆ. ಅವಳು ಎದ್ದು ನಿಂತು ಏಳುವ ಕರೆ ಊದುತ್ತಾಳೆ, ಆಮೇಲೆ ಯಾರೂ ಕೇಳದಿದ್ದರೂ ಬಾವುಟದ ಕರೆ. ತುಟಿ ಇನ್ನೂ ಪೂರ್ತಿ ಇಳಿದಿಲ್ಲ. ಎತ್ತರದ ಸ್ವರ ಸ್ವಲ್ಪ ನಡುಗುತ್ತದೆ, ಒಡೆಯುವುದಿಲ್ಲ. ನೀರಿನ ಮೇಲೆ ಹೋಗಿ ಬಹಳ ಹೊತ್ತಿನ ಮೇಲೆ ತಿರುಗಿ ಬರುತ್ತದೆ. ನಾವು ನಾಲ್ವರೂ ಆಚೆ ದಡದ ಕಡೆ ತಿರುಗಿ ಕೇಳುತ್ತೇವೆ. ನನ್ನ ಕಣ್ಣು ತುಂಬಿ ಫೋಟೋ ಕೆಟ್ಟಿತು.

"ಮುಂದಿನ ಬೇಸಿಗೆ ಇಲ್ಲಿ ಕೆಲಸ ಇರುತ್ತಾ?" ಮಾರ್ಗೋ ಕಹಳೆ ಒರೆಸುತ್ತಾ ಕೇಳುತ್ತಾಳೆ.

"ಕಕ್ಕಸು ತೊಳೆಯೋದಿದೆ."

"ಅದಕ್ಕೂ ಮೂರು ತಿಂಗಳ ಪಾಠ ಇಡ್ತೀರಾ?"

ಐಲಿ ನಗುತ್ತಾರೆ. ರೇನೋ ನಗುವುದಿಲ್ಲ, ಕೊರಳಿಗೆ ಸುತ್ತಿದ್ದ ಉಣ್ಣೆಯ ವಸ್ತ್ರವನ್ನು ಬಿಚ್ಚಿ ಅವಳ ಕೈಗೆ ಕೊಡುತ್ತಾರೆ, ತುದಿ ಸುತ್ತಿಡಲು.

ಶಿಬಿರ ಖಾಲಿಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಡೇರೆ ಮಡಚುವುದನ್ನು ನೋಡುತ್ತಾ ಒಂದು ಕೊನೆಯ ಪ್ರಶ್ನೆ ಕೇಳುತ್ತೇನೆ: ಹಲ್ಲು ಹೋದ ಮೇಲೆ ಬೆಳಿಗ್ಗೆ ಏನು ಮಾಡುತ್ತೀರಿ? ರೇನೋ ಡೇರೆಯ ಗೂಟ ಕೀಳುತ್ತಾ ಯೋಚಿಸುತ್ತಾರೆ.

"ಮಲಗಿರ್ತೀನಿ," ಎನ್ನುತ್ತಾರೆ. "ಇಷ್ಟು ವರ್ಷ ಎಲ್ಲರನ್ನೂ ನಾನೇ ಎಬ್ಬಿಸಿದ್ದು. ಹಾಸಿಗೆಯಲ್ಲಿ ಇದ್ದಾಗ ಅದು ಹೇಗೆ ಕೇಳಿಸುತ್ತೆ ಅಂತ ನನಗೆ ಗೊತ್ತೇ ಇಲ್ಲ."