ನಮ್ಮ ಭಾವನ ಗಂಟಲು

ನಮ್ಮ ಭಾವ ಪಿಸುಗುಟ್ಟಿದರೂ ಪಕ್ಕದ ಬೀದಿಯವರು ಕಿಟಕಿ ತೆಗೆದು ನೋಡುತ್ತಿದ್ದರು. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮೇಷ್ಟ್ರು. ಮೈಕಿಲ್ಲದೆ ಇಡೀ ಮೈದಾನವನ್ನು ನಡುಗಿಸುವ ಆ ಗಂಟಲನ್ನು ಅಣಕಿಸುವುದೇ ನನ್ನ ವಿದ್ಯೆ. ಡಿಗ್ರಿ ಅಂತ ಬೇರೊಂದನ್ನೂ ಓದುತ್ತಿದ್ದೆ, ಅದು ಅಷ್ಟಕ್ಕಷ್ಟೆ.

ಅಕ್ಕ ಚೊಚ್ಚಲ ಬಾಣಂತನಕ್ಕೆ ಗುಬ್ಬಿಗೆ, ನಮ್ಮ ಮನೆಗೆ ಬಂದಳು. ಗಂಡುಮಗು ಹುಟ್ಟಿತು. ಆಮೇಲೆ ಶುರುವಾಯಿತು ನೋಡಿ ಅನ್ಯಾಯ. ಪ್ರತಿ ಭಾನುವಾರ ಭಾವ ತುಮಕೂರಲ್ಲಿ ಬಸ್ಸು ಬದಲಾಯಿಸಿಕೊಂಡು, ಕೈಯಲ್ಲೊಂದು ಗಿಲಕಿ ಹಿಡಿದು ಬರುತ್ತಿದ್ದರು. ನಮ್ಮವರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಫ್ಯಾನು ಹಾಕಿ, ಉಪ್ಪಿಟ್ಟು ಕಾಫಿ ಕೊಡುತ್ತಿದ್ದರು. ಮಗು ಮಾತ್ರ ಕೊಡುತ್ತಿರಲಿಲ್ಲ! ಹಾಲಿನವಳು ಎತ್ತಿಕೊಳ್ಳಬಹುದು, ಪಕ್ಕದ ಮನೆಯವರು ಎತ್ತಿಕೊಳ್ಳಬಹುದು, ಅದರ ತಲೆಯನ್ನು ಬಾಗಿಲಿಗೆ ತಗುಲಿಸಿದ ನಾನೂ ಎತ್ತಿಕೊಳ್ಳಬಹುದು. ಹೆತ್ತಪ್ಪ ಹೊಸ್ತಿಲಾಚೆ ನಿಂತು, ಸಾಂಬ್ರಾಣಿ ಹೊಗೆಯೊಳಗೆ ಮಗನ ಕಾಲು ಕಂಡರೆ ಕಂಡಿತು.

"ನನ್ ಮಗು ನೋಡೋಕೆ ಇದೇನು ಎಗ್ಸಿಬಿಷನ್ನಾ ಅಜ್ಜಿ?"

"ಮೆಲ್ಲುಗ್ ಮಾತಾಡಿ ಅಳಿಯಂದ್ರೇ," ಅಂದಳು ನಮ್ಮಜ್ಜಿ. "ಆ ಗಂಟ್ಲಿಗೆ ದೊಡ್ಡೋರೇ ಬೆಚ್ತೀವಿ, ಹಸುಗೂಸು ಬೆಚ್ದೇ ಇರ್ತದಾ? ನಿಮ್ ದನಿಗೆ ಹೊಂದ್ಕಳಗಂಟ ಕುಣಿಗಲ್ಗೆ ಕಳ್ಸದೇ ಇಲ್ಲ."

ದನಿಯನ್ನೇ ಕೇಳಿಸದೆ ಮಗು ದನಿಗೆ ಹೊಂದಿಕೊಳ್ಳುವುದು ಹೇಗೆ? ಭಾವ ಅದನ್ನು ಕೇಳಲು ಬಾಯಿ ತೆರೆದರೆ ಒಳಗಿನಿಂದ ಅಕ್ಕ, "ರೀ, ಕೂಗ್ಬೇಡ್ರೀ! ಈಗ್ತಾನೆ ಮಲಗೈತೆ" ಅನ್ನುತ್ತಿದ್ದಳು. ಪಾಪ, ಗಿಲಕಿಯನ್ನೂ ಅಲ್ಲಾಡಿಸದೆ ಟೀಪಾಯಿ ಮೇಲಿಟ್ಟು ಎದ್ದುಬಿಡುತ್ತಿದ್ದರು. ಚಪ್ಪಲಿ ಮೆಟ್ಟುತ್ತಾ ನನ್ನನ್ನು ಕೇಳುವರು:

"ಏನ್ಲಾ ಲೋಕಿ, ಯಾರ್ ತರ ಐತ್ಲಾ?"

"ಎಲ್ಲಾ ನಮ್ ತರ ಭಾವ. ಬಾಯಿ ಮಾತ್ರ ನಿಮ್ದು."

ವಾರದ ದಿನಗಳಲ್ಲಿ ತೊಟ್ಟಿಲ ಪಕ್ಕ ನಾನೇ ಭಾವ. ಎದೆ ಉಬ್ಬಿಸಿ, "ಅಟೆನ್-ಷನ್! ಏಯ್ ಲಾಸ್ಟ್ ಲೈನು, ಹೊಟ್ಟೆ ಒಳಿಕ್ಕೆ!" ಎಂದು ಗುಡುಗಿದರೆ ಅಜ್ಜಿ ಬಾಯಿಗೆ ಸೆರಗಿಟ್ಟು ನಗುವಳು. ಮೊದಮೊದಲು ಅತ್ತ ಮಗು ಬರಬರುತ್ತಾ ಆ ಕೂಗಿಗೇ ಖುಷಿಯಿಂದ ಕೈಕಾಲು ಬಡಿಯತೊಡಗಿತು. ನಕಲಿ ಗಂಟಲಿಗೆ ಯಾರ ಅಡ್ಡಿಯೂ ಇಲ್ಲ, ಅಸಲಿಗೆ ಮಾತ್ರ ನಿಷೇಧ!

ಒಂದು ಭಾನುವಾರ ಬಸ್ಸು ಬೇಗ ಸಿಕ್ಕಿತೋ ಏನೋ, ನಾನು ಹಾಗೆ ಕೂಗುತ್ತಿರುವಾಗಲೇ ಭಾವ ಬಾಗಿಲಲ್ಲಿ. ತಿಂಗಳುಗಟ್ಟಲೆ ನುಂಗಿಕೊಂಡಿದ್ದೆಲ್ಲ ಒಟ್ಟಿಗೇ ಹೊರಬಂತು.

"ಏಯ್! ಯಾವನ್ಲಾ ಅವ್ನು, ನನ್ ಮಗನ್ ಮುಂದೆ ನನ್ ತರ ಕೂಗಾನು? ನಾನೇನ್ ಸತ್ತೋಗಿದೀನಾ?"

ಅಡುಗೆಮನೆಯ ಪಾತ್ರೆಗಳು ಅದುರಿದವು. ಅಕ್ಕ ಮಗುವಿನ ಕಿವಿ ಮುಚ್ಚಲು ಓಡಿದಳು. ಮಗು ಕೇಕೆ ಹಾಕಿ ನಕ್ಕು, ದನಿ ಬಂದ ಕಡೆಗೆ ಕೈ ಚಾಚಿತು.

ಅಜ್ಜಿಯೇ ಎತ್ತಿ ಕೊಟ್ಟಳು. ಭಾವ ಮಗನನ್ನು ಕ್ರೀಡಾಕೂಟದಲ್ಲಿ ಗೆದ್ದ ಕಪ್ಪಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಅಳುತ್ತಿದ್ದರು. ಅದೂ ಜೋರಾಗಿಯೇ.

ಮುಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ಮೂವರನ್ನೂ ಬಸ್ಸು ಹತ್ತಿಸಿದೆ. ಭಾವ ಕಂಡಕ್ಟರಿಗೆ ಭಾಷಣ ಬಿಗಿಯುತ್ತಿದ್ದರು: "ರಕ್ತ ಕಣ್ರೀ, ರಕ್ತ! ಅಪ್ಪನ್ ದನಿ ಮಗೀಗೆ ಯಾರೂ ಹೇಳ್ಕೊಡ್ಬೇಕಿಲ್ಲ!"

ರಕ್ತವಂತೆ! ಇಷ್ಟು ದಿನ ಹರಿದುಕೊಂಡದ್ದು ಯಾರ ಗಂಟಲು? ಹೇಳಿಯೇಬಿಡೋಣವೆಂದು ಕಿಟಕಿಯ ಹತ್ತಿರ ಹೋದೆ. ಅಕ್ಕ ಕಂಬಿಯ ನಡುವೆ ಕೈ ಚಾಚಿ ನನ್ನ ಕೈ ಹಿಡಿದಳು.

"ಬ್ಯಾಡ ಕಣೋ."

ದೇವರನ್ನೂ ಬಿಡದೆ ಗೇಲಿ ಮಾಡುವ ನಾನು ಕಿಟಕಿಯಿಂದ ಹಿಂದೆ ಸರಿದೆ. ಬಸ್ಸು ಹೊರಟಿತು. ಮಗುವಿಗೆ ಟಾಟಾ ಮಾಡಿದೆ. ಆ ಕೃತಘ್ನ ನನ್ನತ್ತ ತಿರುಗಿಯೂ ನೋಡಲಿಲ್ಲ. ಅಪ್ಪನ ಬಾಯನ್ನೇ ನೋಡುತ್ತಿತ್ತು.