ಜೇಬು ಮೀರಿದ ಫೋನು

ಹೋದ ತಿಂಗಳು ದರ್ಜಿಯ ಹತ್ತಿರ ಹೋಗಿ ನನ್ನ ನಾಲ್ಕು ಅಂಗಿಗಳ ಜೇಬನ್ನು ಅಗಲ ಮಾಡಿಸಿಕೊಂಡು ಬಂದೆ. ಕಾರಣ ಹೇಳಲು ಸ್ವಲ್ಪ ನಾಚಿಕೆ. ಹೊಸ ಫೋನು ಕೊಂಡಿದ್ದೇನೆ. ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ತೀರಾ ಅಗ್ಗದ್ದು ಬೇಡವಿತ್ತು, ಜಂಬಪಡುವಷ್ಟು ದುಬಾರಿಯದು ಸಾಧ್ಯವಿರಲಿಲ್ಲ. ನಡುವಿನ ಸಾಲಿನಲ್ಲಿ ಇದು ಕಂಡಿತು. ಹಳೆಯ ಫೋನು ನಾನು ಹಲೋ ಅನ್ನುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು; ಇದರ ಬ್ಯಾಟರಿ ದೊಡ್ಡದು ಎಂದೊಡನೆ ಮರುಳಾದೆ.

ಹೆಂಡತಿ ಶಾರದೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಚಪಾತಿ ಮಣೆ ಮನೇಲಿತ್ತಲ್ರೀ" ಅಂದಳು. ಹಸುವಿಗೆ ಹುಲ್ಲು ಹಾಕಲು ಬಗ್ಗಿದರೆ ಫೋನು ನನಗಿಂತ ಮೊದಲು ಗೋದಲಿಗೆ ಇಳಿಯುತ್ತಿತ್ತು. ಮಲಗಿ ಓದಿದರೆ ಮೂಗಿನ ಮೇಲೆ ಬೀಳುತ್ತಿತ್ತು. ಕ್ಯಾಮೆರಾ ನಮ್ಮ ತೆಂಗಿನ ತೋಟವನ್ನು ಇರುವುದಕ್ಕಿಂತ ಹಸಿರಾಗಿ ತೋರಿಸುತ್ತಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಬ್ಯಾಟರಿಯ ಪರೀಕ್ಷೆಯೊಂದು ಬಾಕಿಯಿತ್ತು.

ಅದೂ ಆಯಿತು. ಮಳೆಗಾಳಿಗೆ ತೆಂಗಿನ ಮರವೊಂದು ತಂತಿಯ ಮೇಲೆ ಬಿದ್ದು ಮೂರು ಕಂಬ ಉರುಳಿದವು. ಎರಡು ದಿನವಾದರೂ ಕರೆಂಟಿಲ್ಲ. ಟವರು ಜನರೇಟರಿನಲ್ಲಿ ಉಸಿರಾಡುತ್ತಿತ್ತು, ಆದರೆ ಬೀದಿಯ ಫೋನುಗಳೆಲ್ಲ ಸತ್ತಿದ್ದವು. ನನ್ನದರಲ್ಲಿ ಇನ್ನೂ ನಲವತ್ತು ಪರ್ಸೆಂಟು. ಹೆಮ್ಮೆ ಬರುವುದಕ್ಕೆ ಮೊದಲು ಜಿಪುಣತನ ಬಂತು. ಯಾರೂ ಕೇಳದಿರಲೆಂದು ಆಫ್ ಮಾಡಿ ದಿಂಬಿನಡಿ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಗಂಗಜ್ಜಿ ಬಂದರು. ಮೊಮ್ಮಗಳು ರೇಖಾ ಹೆರಿಗೆಗೆ ತುಮಕೂರಿನ ಆಸ್ಪತ್ರೆ ಸೇರಿದ್ದಳು.

"ಎರಡು ದಿನದಿಂದ ಸುದ್ದಿ ಇಲ್ಲ ಮೇಷ್ಟ್ರೇ. ಗಂಟ್ಲಲ್ಲಿ ನೀರೂ ಇಳೀತಿಲ್ಲ ಕಣಪ್ಪ."

ದಿಂಬು ಎತ್ತುವಾಗ ನನ್ನ ಮುಖ ಹೇಗಿತ್ತೋ, ಸದ್ಯ ಶಾರದೆ ನೋಡಲಿಲ್ಲ. ಫೋನು ಆನ್ ಮಾಡಿ, ಅಜ್ಜಿಯ ಮಗಳ ನಂಬರು ಒತ್ತಿ ಕೊಟ್ಟೆ. ಅತ್ತಲಿಂದ ಆ ಮಗಳು, ರೇಖಾಳ ತಾಯಿ, ಅಳುತ್ತ ಹೇಳಿದಳು: "ಮಗು ಅಡ್ಡ ಆಗೈತಂತೆ ಕಣವ್ವ. ಆಪರೇಷನ್‌ಗೆ ಕರ್ಕಂಡು ಹೋಗ್ತಾವ್ರೆ. ನಾನೇ ಮಾಡ್ತೀನಿ, ಇಡು."

ಅಜ್ಜಿ ಫೋನನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಜಗಲಿಯಲ್ಲೇ ಕೂತರು. ಅಷ್ಟರಲ್ಲಿ ನನ್ನ ಫೋನು ಬದುಕಿರುವ ಸುದ್ದಿ ಹರಡಿ, ಒಬ್ಬರಿಗೆ ಮಾವನ ಮನೆಗೆ, ಇನ್ನೊಬ್ಬರಿಗೆ ಲೈನ್‌ಮನ್‌ಗೆ ಮಾತಾಡಬೇಕಾಗಿತ್ತು. ಇಲ್ಲವೆನ್ನುವ ಮುಖ ನನಗೆ ಉಳಿದಿರಲಿಲ್ಲ. ಮಧ್ಯಾಹ್ನಕ್ಕೆ ಚಾರ್ಜು ಆರಕ್ಕಿಳಿದಾಗ ಶಾರದೆ ಬಾಗಿಲಿಗೆ ಅಡ್ಡ ನಿಂತು, "ಅಜ್ಜಿಗೆ ಫೋನ್ ಬರೋದೈತೆ, ಆಮೇಲೆ ಬನ್ರಪ್ಪ" ಎಂದು ಎಲ್ಲರನ್ನೂ ಕಳಿಸಿದಳು.

ನಾಲ್ಕು ಗಂಟೆಗೆ ಬಂತು, ವಿಡಿಯೊ ಕರೆ. ರೇಖಾ ಸುಸ್ತಾಗಿ ನಗುತ್ತಿದ್ದಳು. ಪಕ್ಕದಲ್ಲಿ ಬಟ್ಟೆ ಸುತ್ತಿದ ಹೆಣ್ಣುಮಗು. ಅಜ್ಜಿಯ ಕಣ್ಣಿಗೆ ಪೊರೆ. ಸಣ್ಣ ಫೋನುಗಳಲ್ಲಿ ಮೊಮ್ಮಕ್ಕಳೆಲ್ಲ ಅವರಿಗೆ ಒಂದೇ ಥರ ಕಾಣುತ್ತಿದ್ದರು. ಈಗ ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು.

"ಮೂಗು ನಮ್ಮ ಯಜಮಾನ್ರುದೇ ಕಣೇ ಶಾರದಾ" ಅಂದರು. ಯಜಮಾನರು ಹೋಗಿ ಎಷ್ಟೋ ವರ್ಷವಾಗಿದೆ.

ಮಗು ಆಕಳಿಸಿತು. ಆ ಕ್ಷಣಕ್ಕೇ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ನಾನು ಗಾಬರಿಯಿಂದ ಗುಂಡಿ ಒತ್ತಲು ಕೈ ಚಾಚಿದೆ.

"ಸುಮ್ಕಿರಿ ಮೇಷ್ಟ್ರೇ" ಎಂದು ಅಜ್ಜಿ ಪಿಸುಗುಟ್ಟಿದರು. "ದೀಪ ಆರಿಸ್ಕಂಡು ಮಲಗೈತೆ. ಎಬ್ಬಿಸ್ಬ್ಯಾಡಿ ಬುಡಿ."

ತಮಾಷೆಗೆ ಹೇಳಿದರೋ ಏನೋ, ತಿಳಿಯಲಿಲ್ಲ. ಕತ್ತಿನ ಕೆಳಗೆ ಕೈಯಿಟ್ಟು ಕೂಸನ್ನು ದಾಟಿಸುವ ಹಾಗೆ ಅದನ್ನು ನನ್ನ ಕೈಗೆ ದಾಟಿಸಿದರು. ನಾನೂ ಹಾಗೇ ಎತ್ತಿಕೊಂಡು, ಸದ್ದು ಮಾಡದೆ ಒಳಗೆ ಹೋಗಿ ಹಾಸಿಗೆಯ ಮೇಲೆ ಮಲಗಿಸಿ ಬಂದೆ.